ಸವೆದ ಕಲ್ಲಿನ ಕುಂಕುಮ

ಅಕ್ಕಿ ಬೆಳ್ಳಗಾಗಬೇಕಾದರೆ ಮಿಲ್ಲಿನ ಹೊಟ್ಟೆಯೊಳಗೆ ಎಮರಿ ಕಲ್ಲು ತಿರುಗಬೇಕು. ಆ ಕಲ್ಲನ್ನು ಹೊಸಪೇಟೆಯಲ್ಲಿ ಎರಕ ಹೊಯ್ಯುತ್ತಿದ್ದವನು ಅಂದಾನಪ್ಪ. ಅದಕ್ಕೆ ಬೇಕಾದ ಕರಿ ಪುಡಿ ಮಾತ್ರ ಹೊರದೇಶದಿಂದ ಹಡಗಿನಲ್ಲೇ ಬರಬೇಕು. ಪಕ್ಕದ ಸಂಡೂರಿನ ಗುಡ್ಡಗಳೆಲ್ಲ ಅದಿರು, ಇವನಿಗೆ ಬೇಕಾದ ಆ ಒಂದು ಪುಡಿ ಮಾತ್ರ ಅಲ್ಲಿಲ್ಲ. ಹಣೆಬರಹ ಅಂದರೆ ಇದೇ ನೋಡಿ!

ಎಪ್ಪತ್ತೈದರ ಸುಗ್ಗಿ. ಕಾಲುವೆ ತುಂಬಿ ಹರಿದು ಕಂಪ್ಲಿಯ ಗದ್ದೆಗಳೆಲ್ಲ ತೆನೆಯ ಭಾರಕ್ಕೆ ಬಾಗಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವಂತೆ, ಪುಡಿ ತರಿಸಲು ದಿಲ್ಲಿಯಿಂದ ಪರ್ಮಿಟ್ಟು ಬಂದಿತ್ತು, ಹಡಗೇ ಬಂದಿರಲಿಲ್ಲ. ಕಂಪ್ಲಿಯ ಮಿಲ್ಲಿನ ಜಡೆಪ್ಪ ಹೊಸ ಕಲ್ಲು ಸಿಗದಿದ್ದರೆ ಬೆಜವಾಡದಿಂದ ತರಿಸುತ್ತೇನೆಂದು ಹೇಳಿಬಿಟ್ಟ. ಅವನು ಹೋದರೆ ಉಳಿದ ಮಿಲ್ಲಿನವರೂ ಹೋಗುತ್ತಾರೆ, ಕಾರ್ಖಾನೆಗೆ ಬೀಗ ಬೀಳುತ್ತದೆ. ಅಂದಾನಪ್ಪನಿಗೆ ಅನ್ನ ಸೇರದಾಯಿತು.

ಆಗ ನೆನಪಾದದ್ದು ಜಡೆಪ್ಪನ ಮಿಲ್ಲಿನ ಬೇವಿನ ಮರ. ಅನ್ನ ಕೊಟ್ಟ ಕಲ್ಲನ್ನು ಬಿಸಾಡಬಾರದೆಂದು ಸವೆದ ಕಲ್ಲುಗಳನ್ನೆಲ್ಲ ಆ ಮರದ ಬುಡದಲ್ಲಿ ಸಾಲಾಗಿ ಕೂರಿಸಿದ್ದರು. ಒಡೆದು ಜರಡಿ ಹಿಡಿದರೆ ಅದೇ ಪುಡಿ! ಜಡೆಪ್ಪ ಒಪ್ಪಿದ. ಆದರೆ ಅಂಗಳ ಗುಡಿಸುವ ಹಂಪಮ್ಮನನ್ನು ಕೇಳಬೇಕು ಅಂದ. ದಿನಾ ಆ ಕಲ್ಲುಗಳಿಗೆ ನೀರೆರೆದು ಕುಂಕುಮ ಇಡುತ್ತಿದ್ದವಳು ಅವಳೇ.

ಹಂಪಮ್ಮ ತಂಬಿಗೆ ಕೆಳಗಿಟ್ಟಳು.

“ಇವು ತಿರುಗಿದ್ದಕ್ಕ ನನ್ನ ಮಕ್ಕಳು ಉಂಡಾರ್ರಿ. ಸುತ್ತಿಗಿ ಹೆಂಗ ಹಾಕ್ತೀರಿ?”

ಅಂದಾನಪ್ಪನಿಗೆ ನಾಚಿಕೆಯಾಯಿತು. ತನ್ನ ಕಷ್ಟವನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಕೊಂಡ. ಹಡಗಿನ ಪುಡಿ ಬಂದ ಮೇಲೆ ಮೊದಲು ಹೊಯ್ದ ಕಲ್ಲನ್ನು ಇಲ್ಲೇ ತಂದು ಕೂರಿಸುತ್ತೇನೆಂದು ಮಾತು ಕೊಟ್ಟ. ಅವಳು ಸೆರಗಿನಿಂದ ಒಂದೊಂದೇ ಕಲ್ಲಿನ ಕುಂಕುಮ ಒರೆಸಿದಳು.

“ಗಣಪ್ಪನ್ನೂ ನೀರಿಗೆ ಬಿಡ್ತೀವಲ್ಲ, ತಗೊಂಡು ಹೋಗ್ರಿ. ಆಡಿದ ಮಾತು ತಪ್ಪಬ್ಯಾಡ್ರಿ.”

ಆ ಕಲ್ಲುಗಳನ್ನು ಒಡೆದ ಪುಡಿಯಲ್ಲೇ ಹೊಸ ಕಲ್ಲು ಎದ್ದಿತು, ಅದರಲ್ಲೇ ಜಡೆಪ್ಪನ ಸುಗ್ಗಿ ಸಾಗಿತು. ಬೇವಿನ ಬುಡ ಮಾತ್ರ ಬರಿದಾಗಿತ್ತು. ಹಂಪಮ್ಮ ಆ ಬರಿ ನೆಲಕ್ಕೇ ದಿನಾ ನೀರು ಹಾಕುತ್ತಿದ್ದಾಳೆಂಬ ಸುದ್ದಿ ಅಂದಾನಪ್ಪನ ಕಿವಿಗೆ ಬಿತ್ತು.

ಸಂಕ್ರಾಂತಿ ಕಳೆದ ಮೇಲೆ ಹಡಗು ಬಂತು. ಮೊದಲ ಕಲ್ಲನ್ನು ಅವನು ತಾನೇ ಲಾರಿಯಲ್ಲಿ ತಂದ. ಇನ್ನೊಂದು ಕಲ್ಲು ಬೇಕಾಗಿದ್ದ ಜಡೆಪ್ಪ ಅಲ್ಲೇ ಬೆಲೆ ಕೇಳಿದರೂ ಕೊಡಲಿಲ್ಲ. ಆಳುಗಳಿಂದ ಇಳಿಸಿ ಬೇವಿನ ಬುಡದಲ್ಲಿ ಕೂರಿಸಿ ಹಂಪಮ್ಮನನ್ನು ಕರೆದ. ಅವಳು ಬಂದು ಕಲ್ಲಿನ ಮೇಲೆ ಅಂಗೈ ಆಡಿಸಿದಳು. ಮುಖ ಅರಳಿತು. ಕುಂಕುಮದ ಭರಣಿ ಮಾತ್ರ ತೆರೆಯಲಿಲ್ಲ.

“ಭಾಳ ಛಲೋ ಐತ್ರಿ. ಆದ್ರ ದುಡಿಲಾರದ ಕಲ್ಲಿಗೆ ನಾ ಕೈ ಮುಗಿಯಂಗಿಲ್ಲ. ಮೊದ್ಲ ಒಳಗ ತಿರುಗ್ಲಿ. ಸವೆದು ಬಂದ್ರ ಜಾಗ ಇಟ್ಟೀನಿ.”

ಅಂದಾನಪ್ಪನಿಗೆ ನಗು ತಡೆಯಲಾಗಲಿಲ್ಲ. ಆಳುಗಳ ಜೊತೆ ತಾನೂ ಹೆಗಲು ಕೊಟ್ಟು, ಕಲ್ಲನ್ನು ಮಿಲ್ಲಿನೊಳಗೆ ಹೊತ್ತುಕೊಂಡು ಹೋದ.