ಮೊಣಕಾಲಿಗೆ ಕಬ್ಬಿಣದ ಕಣ

ಲೇತ್ ಮೇಸ್ತ್ರಿಯ ಬಲ ಮೊಣಕಾಲು ಇಪ್ಪತ್ತೆಂಟು ವರ್ಷ ಯಂತ್ರದ ಮುಂದೆ ನಿಂತು ನಿಂತು ಸವೆದಿತ್ತು. ಕೀಲಿನೊಳಗಿನ ಮೆತ್ತೆಯೇ ಹೋಗಿದೆ ಎಂದಿದ್ದರು ಡಾಕ್ಟರು. ಆಸ್ಪತ್ರೆಯಲ್ಲಿ ಹೊಸ ಪ್ರಯೋಗವೊಂದು ಶುರುವಾಗಿದೆ, ಯೋಚನೆ ಮಾಡಿ ಬನ್ನಿ ಎಂದು ನಾಲ್ಕು ಹಾಳೆಯ ಒಪ್ಪಿಗೆ ಪತ್ರವನ್ನೂ ಕೊಟ್ಟಿದ್ದರು. ಅವನದೇ ಮೈಯಿಂದ ಕಾಂಡಕೋಶ ತೆಗೆಯುತ್ತಾರೆ. ಮೆತ್ತೆಯಾಗಿಯೂ ಬೆಳೆಯಬಲ್ಲ ಮೂಲ ಜೀವಕೋಶ ಅದು. ಅದರೊಳಗೆ ಅಯಸ್ಕಾಂತಕ್ಕೆ ಸ್ಪಂದಿಸುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ನ್ಯಾನೋ ಕಣ ತುಂಬಿ ಮೊಣಕಾಲಿಗೆ ಬಿಡುತ್ತಾರೆ.

ಮೇಸ್ತ್ರಿ ಪತ್ರವನ್ನು ಮೇಜಿನ ಮೇಲೆ ಕುಕ್ಕಿದ. "ಜೀವಮಾನವೆಲ್ಲ ಕಬ್ಬಿಣದ ಪುಡಿ ಕೊಡವಿಕೊಂಡೇ ಮನೆಗೆ ಬಂದೆ. ಈಗ ನಾನೇ ಕೈಯಾರೆ ಒಳಗೆ ತುಂಬಿಸ್ಕೊಳ್ಲಾ?"

ಹೆಂಡತಿ ವಾದಕ್ಕೆ ಇಳಿಯಲಿಲ್ಲ. ಪಕ್ಕದ ಮನೆಯ ನರ್ಸಕ್ಕನನ್ನು ಕರೆತಂದಳು.

"ಅಣ್ಣಾ, ಅದು ನಿಮ್ಮ ಲೇತಿನ ಚೂರಲ್ಲ," ಎಂದಳು ನರ್ಸಕ್ಕ. "ಒಂದು ಕೂದಲಿನ ದಪ್ಪದಲ್ಲಿ ಅಂಥ ನೂರಾರು ಕಣ ಸಾಲಾಗಿ ನಿಲ್ತವೆ. ಒಳಗೆ ಬಿಟ್ಟ ಜೀವಕೋಶ ಎಲ್ಲಿ ಹೋಯ್ತು ಅಂತ ಎಂಆರ್‌ಐ ಸ್ಕ್ಯಾನಿನಲ್ಲಿ ಕಾಣಲಿ ಅಂತ ಹಾಕ್ತಾರೆ."

"ಅಲ್ಲೇ ಕೂತು ತುಕ್ಕು ಹಿಡಿದ್ರೆ?"

ನರ್ಸಕ್ಕನಿಗೆ ನಗು ಬಂತು. ತಡೆದುಕೊಂಡಳು. "ಸರಿಯಾಗೇ ಕೇಳಿದ್ರಿ. ಮೈ ಅದನ್ನ ನಿಧಾನಕ್ಕೆ ಕರಗಿಸಿ ತನ್ನ ಕಬ್ಬಿಣದ ಜೊತೆ ಸೇರಿಸ್ಕೊಳ್ಳುತ್ತೆ ಅಂತ ಇದುವರೆಗಿನ ಪರೀಕ್ಷೆಗಳು ಹೇಳ್ತವೆ. ಆದ್ರೆ ಪ್ರಮಾಣ ಜಾಸ್ತಿಯಾದ್ರೆ ಜೀವಕೋಶಕ್ಕೇ ಪೆಟ್ಟು. ಮೆತ್ತೆಯಾಗಿ ಬೆಳೆಯೋ ಶಕ್ತಿನೂ ಕುಗ್ಗಬಹುದು. ಇಪ್ಪತ್ತು ವರ್ಷದ ಮೇಲೆ ಏನಾಗುತ್ತೆ ಅನ್ನೋದು ಯಾರಿಗೂ ಪೂರ್ತಿ ಗೊತ್ತಿಲ್ಲ. ಅದಕ್ಕೇ ಇದು ಪ್ರಯೋಗ. ಬೇಡ ಅನ್ನಿಸಿದ ದಿನ ಬಿಟ್ಟು ಬರಬಹುದು."

ಮೇಸ್ತ್ರಿ ಪತ್ರವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡ. "ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ದು ನೀನೊಬ್ಬಳೇ ನೋಡು," ಎಂದವನೇ ಪೆನ್ನು ಹುಡುಕಿದ. ಪತ್ರದ ಕೊನೆಯಲ್ಲಿದ್ದ ಎಲ್ಲ ಪ್ರಶ್ನೆಗೂ ಬಿರಬಿರನೆ ಉತ್ತರ ತುಂಬಿದ. ಹೆಂಡತಿ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಳು.

"ರೀ, ಕಣ್ಣಿಗೆ ಲೋಹದ ಚೂರು ಬಿದ್ದಿತ್ತಾ ಅಂತ ಕೇಳಿದ್ದಾರೆ. ಇಲ್ಲ ಅಂತ ಬರೆದಿದ್ದೀರಲ್ಲ! ಮದುವೆಯಾದ ವರ್ಷ ಕಣ್ಣು ಕೆಂಡ ಮಾಡ್ಕೊಂಡು ಬಂದಿರಲಿಲ್ವಾ?"

"ಅದು ಆವತ್ತೇ ತೆಗೆದಾಯ್ತು. ಈಗ ಹೇಳಿದ್ರೆ ನನ್ನ ಕೈಬಿಡ್ತಾರೆ. ಸುಮ್ನಿರು."

ನರ್ಸಕ್ಕನ ಮುಖ ಬಿಗಿಯಿತು. "ಅಣ್ಣಾ, ಎಂಆರ್‌ಐ ಅಂದ್ರೆ ಭಾರಿ ಅಯಸ್ಕಾಂತ. ಎಳ್ಳಷ್ಟು ಚೂರು ಕಣ್ಣಲ್ಲಿ ಉಳಿದಿದ್ರೂ ಎಳೆದಾಡುತ್ತೆ. ದೃಷ್ಟಿಯೇ ಹೋದೀತು."

ಮರುದಿನ ಹೆಂಡತಿ ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಆಸ್ಪತ್ರೆಗೆ ಹೋಗಿ ಹಳೆಯ ಚೂರಿನ ವಿಷಯ ಹೇಳಿಸಿದಳು. ಡಾಕ್ಟರು ಕಣ್ಣಿನ ಎಕ್ಸ್-ರೇ ತೆಗೆಸಿ ಬೆಳಕಿಗೆ ಹಿಡಿದರು. ಬಲಗಣ್ಣಿನೊಳಗೆ ಒಂದು ಬಿಳಿ ಚುಕ್ಕೆ. ಹಳೆಯ ಚೂರಿನ ತುಣುಕು.

"ಸ್ಕ್ಯಾನ್ ಇಲ್ಲದೆ ಈ ಪ್ರಯೋಗ ನಡೆಯೋದಿಲ್ಲ. ನಿಮ್ಮನ್ನ ಸ್ಕ್ಯಾನಿಗೆ ಕಳಿಸೋ ಹಾಗಿಲ್ಲ," ಎಂದರು ಡಾಕ್ಟರು. "ಹೇಳಿ ಒಳ್ಳೇದು ಮಾಡಿದ್ರಿ. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸೋಣ."

ಹೊರಗಿನ ಬೆಂಚಿನ ಮೇಲೆ ಕೂತು ಮೇಸ್ತ್ರಿ ಸಿಡುಕಿದ. "ನಿನ್ನ ಬಾಯಿಗೊಂದು ಬೀಗ ಇದ್ದಿದ್ರೆ ಕಾಲು ಸರಿಹೋಗ್ತಿತ್ತು."

"ಇದ್ದಿದ್ರೆ ನಿಮ್ಮ ಕಣ್ಣಿಗೆ ಬೀಗ ಬೀಳ್ತಿತ್ತು," ಎಂದಳು ಹೆಂಡತಿ. ಮೇಸ್ತ್ರಿ ತಲೆ ತಗ್ಗಿಸಿದ. ಅವಳ ಕೈ ಮೇಲೆ ಕೈಯಿಟ್ಟ.

ಅವನ ಮೊಣಕಾಲು ಹೊಸದಾಗಲಿಲ್ಲ. ವ್ಯಾಯಾಮ ಮಾಡುತ್ತಾನೆ. ಲೇತಿನ ಮುಂದೆ ಎತ್ತರದ ಸ್ಟೂಲು ಹಾಕಿಸಿಕೊಂಡಿದ್ದಾನೆ. ಜೊತೆಯವರಲ್ಲಿ ಯಾರಿಗೇ ಸ್ಕ್ಯಾನ್ ಬರೆದುಕೊಟ್ಟರೂ, "ಕಣ್ಣಿಗೆ ಚೂರು ಬಿದ್ದಿದ್ದು ಹೇಳಿದ್ಯಾ?" ಎಂದು ಬೆನ್ನು ಬೀಳುತ್ತಾನೆ.

ಕೇಳುತ್ತಿರುವ ಅಕ್ಕ ಅಣ್ಣಂದಿರೇ, ಹೊಸ ಚಿಕಿತ್ಸೆ ಎಂದೊಡನೆ ಹೆದರಿ ಓಡಬೇಡಿ, ಕಣ್ಣುಮುಚ್ಚಿ ಸಹಿಯನ್ನೂ ಹಾಕಬೇಡಿ. ಕಣ ಎಷ್ಟು ಹಾಕುತ್ತೀರಿ, ಜೀವಕೋಶಕ್ಕೆ ತೊಂದರೆ ಇಲ್ಲವೆಂದು ಪರೀಕ್ಷಿಸಿದ್ದೀರಾ, ಪ್ರಯೋಗಕ್ಕೆ ಅನುಮತಿ ಇದೆಯೇ ಎಂದು ಕೇಳಿ. ಗ್ಯಾರಂಟಿ ವಾಸಿ ಎನ್ನುವವರನ್ನು ಎರಡು ಸಲ ಕೇಳಿ. ಇಂಥ ಕಣ ಮೈಯಲ್ಲಿದ್ದರೆ ಮುಂದಿನ ಯಾವ ಸ್ಕ್ಯಾನಿಗೂ ಮೊದಲೇ ತಿಳಿಸಿ. ಗೊತ್ತಿಲ್ಲದ್ದನ್ನು ಡಾಕ್ಟರು ಗೊತ್ತಿಲ್ಲ ಎನ್ನಲಿ. ಗೊತ್ತಿರುವುದನ್ನು ನೀವು ಮುಚ್ಚಿಡಬೇಡಿ.