ಎದುರಿಗೆ ನಿಂತು ಕಲಿತದ್ದು

ಹನಿ ಮತ್ತೆ ಊದಿಕೊಳ್ಳುತ್ತಿದೆ, ಅವಳು ಈಗಷ್ಟೇ ಬಿಗಿದ ನಲ್ಲಿಯ ಬುಡದಲ್ಲಿ, ಊದಿ, ನಡುಗಿ, ಬೀಳಲೋ ಬೇಡವೋ ಎಂದು ಅನುಮಾನಿಸಿ — ಟಪ್ — ಬಕೆಟ್ಟಿನೊಳಗೆ, ನಲ್ಲಿ ಪೈಪಿಗೆ ಸೇರುವಲ್ಲಿ ಟೇಪಿನ ಬಿಳಿ ಬಾಲವೊಂದು ಹೊರಗೆ ಇಣುಕುತ್ತಿದೆ, ನೀರು ಸೋರಬಾರದೆಂದು ಸುತ್ತಿದ ಟೇಪು, ಅದರ ಪಕ್ಕದಿಂದಲೇ ಸೋರುತ್ತಿದೆ, ಪರೀಕ್ಷೆಗೆಂದು ಪೈಪು ಕೊಟ್ಟ ಮೇಸ್ತ್ರಿ ಮೇಜಿನ ಆಚೆ ನಿಂತು ಆ ಹನಿಯನ್ನೇ ನೋಡುತ್ತಿದ್ದಾನೆ, ಆಗಲ್ಲ ಎಂದು ಹೇಳಿಬಿಡಬಾರದೇ, ಹಿಂದಿನ ಎರಡು ಅಂಗಡಿಯವರು ಎಷ್ಟು ಬೇಗ ಹೇಳಿ ಮುಗಿಸಿದ್ದರು, ಹುಡುಗೀರಿಗೆ ಯಾಕಮ್ಮ ಈ ಕೆಲಸ, ಕಲಿಯೋಕೆ ಬೇಕಾದ್ರೆ ಬಾ, ಸಂಬಳ ಗಿಂಬಳ ಕೇಳ್ಬೇಡ, ಇಲ್ಲಿ ಮಾತ್ರ ಬಾಗಿಲಿಗೆ ಚೀಟಿ ಅಂಟಿಸಿತ್ತು, ಪ್ಲಂಬಿಂಗ್ ಕಲಿಯುವವರು ಬೇಕು, ಮೊದಲ ದಿನದಿಂದಲೇ ಸಂಬಳ, ಮೂರು ದಿನ ಅದನ್ನು ರಸ್ತೆಯ ಆಚೆಯಿಂದಲೇ ಓದಿ ನಾಲ್ಕನೆಯ ದಿನ ಒಳಗೆ ಬಂದವಳು, ಇದೂ ತಪ್ಪಿದರೆ ಮತ್ತೆ ಅಕ್ಕನ ಮನೆಯ ಅಡುಗೆಕೋಣೆಯ ಮೂಲೆ, ಯಾರು ಬಂದರೂ ಕಾಲು ಮಡಚಿಕೊಳ್ಳಬೇಕು, ಅಕ್ಕ ಕೆಟ್ಟವಳಲ್ಲ, ಸ್ವಲ್ಪ ಸರ್ಕೊ ಎನ್ನುತ್ತಾಳೆ ಅಷ್ಟೇ, ದಿನಕ್ಕೆ ಎಷ್ಟು ಸಲ ಸ್ವಲ್ಪ ಸರ್ಕೊ — ಟಪ್ — ಅಪ್ಪ ಹೀಗೆಯೇ ಸುತ್ತುತ್ತಿದ್ದ, ಚೆನ್ನಾಗಿ ನೆನಪಿದೆ, ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಾಗ ಸುಮ್ನೆ ಕೂತು ಏನ್ ಮಾಡ್ತೀಯ, ಬಾ, ಟಾರ್ಚ್ ಹಿಡಿ ಎಂದು ಕೆಲಸಕ್ಕೆ ಕರೆದೊಯ್ದವನು, ಯಾರದೋ ಮನೆಯ ಬೇಸಿನ್ನಿನ ಕೆಳಗೆ ಅವನು ಆ ಕಡೆ, ಅವಳು ಈ ಕಡೆ, ನಡುವೆ ಪೈಪು, ಅಲ್ಲಾಡಿಸ್ಬೇಡ ಪುಟ್ಟಿ, ಅಷ್ಟೇ ಮಾತು, ಎರಡು ವರ್ಷ ಅಷ್ಟೇ ಮಾತು, ಉಳಿದದ್ದನ್ನೆಲ್ಲ ಅವಳು ಕಣ್ಣಲ್ಲೇ ಕದ್ದಳು, ಯಾವ ಬೆರಳು ಮೊದಲು, ಎಷ್ಟು ಸುತ್ತು, ಎಲ್ಲಿ ಎಳೆದು ಹರಿಯಬೇಕು, ಅವನು ತೀರಿಕೊಂಡ ಮೇಲೂ ಅಕ್ಕನ ಮನೆಯ ಆ ಮೂಲೆಯಲ್ಲಿ ಕೂತು ಸೌಟಿನ ಹಿಡಿಗೆ ದಾರ ಸುತ್ತಿ, ಬಿಚ್ಚಿ, ಸುತ್ತಿ, ಏನೇ ಅದು ನಿನ್ನ ಹುಚ್ಚು ಎಂದು ಅಕ್ಕ ಸೌಟು ಕಿತ್ತುಕೊಳ್ಳುವವರೆಗೆ, ಒಂದು ಸುತ್ತೂ ತಪ್ಪಿಲ್ಲ, ಹಾಗಾದರೆ ಈ ಬಾಲ ಎಲ್ಲಿಂದ ಬಂತು, ಯಾರ ಹತ್ರ ಕಲಿತೆ, ಮೇಸ್ತ್ರಿ ಈಗ ಬಾಯಿ ಬಿಡುತ್ತಾನೆ, ಅಪ್ಪ ಮಾಡೋದ್ ನೋಡಿ, ಅವಳ ದನಿ ಅವಳಿಗೇ ಕೇಳಿಸದು, ಎಲ್ಲಿ ನಿಂತ್ಕೊಂಡು ನೋಡ್ತಿದ್ದೆ, ಎದುರಿಗೆ, ಟಾರ್ಚ್ ಹಿಡ್ಕೊಂಡು, ಮೇಸ್ತ್ರಿ ಹೊಟ್ಟೆ ಕುಲುಕಿಸಿ ನಗುತ್ತಾನೆ, ಅಯ್ಯೋ ತಾಯಿ, ಕನ್ನಡಿ ಒಳಗಿನ ಪ್ಲಂಬರ್ ಆಗಿದೀಯಲ್ಲ, ಸುತ್ತಿದ್ದೆಲ್ಲ ಉಲ್ಟಾ, ನೀನು ನಲ್ಲಿ ಬಿಗಿಸ್ತಾ ಹೋದ ಹಾಗೆ ಅದು ಬಿಚ್ಕೊಂಡು ಈಚೆ ಬಂತು, ಆದ್ರೂ ಎಷ್ಟು ನೀಟಾಗಿ ತಪ್ಪು ಮಾಡಿದೀಯ, ಕೈ ಚೆನ್ನಾಗಿದೆ, ದಿಕ್ಕು ಮಾತ್ರ ತಪ್ಪಿದೆ, ಅದನ್ನ ನಾನು ಹೇಳ್ಕೊಡ್ತೀನಿ, ಸಂಬಳ ಇವತ್ತಿಂದ್ಲೇ, ಆ ಕಡೆ ಯಾಕೆ ನಿಂತಿದೀಯ, ಈಚೆ ಬಾ, ನನ್ನ ಪಕ್ಕಕ್ಕೆ — ಸಿಕ್ಕಿತು, ಸಂಬಳ, ಅದರಿಂದ ಬಾಡಿಗೆಗೆ ಒಂದು ಕೋಣೆ, ಕಾಲು ಚಾಚಿ ಮಲಗಬಹುದು, ಖುಷಿಯಾಗಬೇಕಲ್ಲವೇ, ಮೇಜು ಬಳಸಿ ಹೋದರೆ ಮೂರೇ ಹೆಜ್ಜೆ, ಬೇಸಿನ್ನಿನ ಕೆಳಗೆ ಅಷ್ಟೂ ಇರಲಿಲ್ಲ, ಅಪ್ಪ ಒಮ್ಮೆ ಈಚೆ ಬಾ ಎಂದಿದ್ದರೆ, ತಾನಾದರೂ ಬರಲಾ ಅಪ್ಪಾ ಎಂದಿದ್ದರೆ, ಆದರೆ ಟಾರ್ಚ್ ಯಾರು ಹಿಡಿಯುತ್ತಿದ್ದರು, ಬಾರಮ್ಮ, ಮೇಸ್ತ್ರಿ ಮತ್ತೆ ಕರೆಯುತ್ತಾನೆ, ಅವಳು ಇನ್ನೂ ಈ ಕಡೆಯೇ, ಬಿಳಿ ಬಾಲ, ಅದರ ತುದಿಯಲ್ಲಿ ಹನಿ, ಊದಿ, ನಡುಗಿ, ಇನ್ನೂ ಬೀಳದೆ —