ವಿರುಪಾಕ್ಷನ ಹೀಟರ್ ಪರೀಕ್ಷೆ

ವಿರುಪಾಕ್ಷ ಯಾವ ವಸ್ತುವನ್ನೂ ಕಣ್ಣಿನಿಂದ ನೋಡಿ ಕೊಂಡವನಲ್ಲ, ಮೈಯಿಂದ ನೋಡಿ ಕೊಂಡವನು. ಕುರ್ಚಿಯಾದರೆ ಅದರಲ್ಲಿ ಒಂದು ಸಣ್ಣ ನಿದ್ದೆ ತೆಗೆಯಬೇಕು, ಬೂಟಾದರೆ ಅಂಗಡಿಯ ಉದ್ದಗಲ ನಡೆದು ಬರಬೇಕು. ಹೀಗಾಗಿ ೨೦೦೭ರ ಚಳಿಗಾಲದಲ್ಲಿ, ಮೆಲ್ಬರ್ನಿನ ಪಶ್ಚಿಮಕ್ಕಿರುವ ಒಂದು ಕ್ಯಾಂಪಿಂಗ್ ಅಂಗಡಿಯಲ್ಲಿ, ಆರಡಿ ಎತ್ತರದ ಈ ಮಹಾಶಯ ಕರಿ ಉಣ್ಣೆಯ ಕೋಟು ತೊಟ್ಟು, ಕಿವಿ ಮುಚ್ಚುವ ಮಂಕಿ ಕ್ಯಾಪ್ ಏರಿಸಿ, ಹಚ್ಚದೆ ಇಟ್ಟಿದ್ದ ಗ್ಯಾಸ್ ಹೀಟರೊಂದರ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಧ್ಯಾನಸ್ಥನಾಗಿ ಕುಳಿತುಬಿಟ್ಟ. ಗಿರಾಕಿಗಳು ಅವನನ್ನು ಬಳಸಿಕೊಂಡು ಹೋದರು. ಪಕ್ಕದಲ್ಲಿ ನಿಂತಿದ್ದ ನನಗೆ ಆ ಚಳಿಯಲ್ಲೂ ಬೆವರು.

"ಏಳಪ್ಪಾ ಮಾರಾಯ, ಅದನ್ನ ಇನ್ನೂ ಹಚ್ಚೇ ಇಲ್ಲ," ಎಂದೆ.

"ಎತ್ತರ ನೋಡಾಕತ್ತೀನ್ರೀ ಸರ. ಬಿಸಿ ಅವ್ವನ ಮೊಣಕಾಲಿಗೆ ಬರಬೇಕು. ಮಾರಿಗೆ ಬಡದ್ರ ಕೆಮ್ಮತಾಳ, ಖರೇ ಅಲ್ರೀ?"

ಏನು ಹೇಳಿದರೂ ಕೊನೆಗೊಂದು "ಖರೇ ಅಲ್ರೀ?" ಸೇರಿಸುವುದು ಅವನ ಅಭ್ಯಾಸ, ಅಲ್ಲವೆಂದರೂ ಅವನಿಗೆ ಕೇಳಿಸುತ್ತಿರಲಿಲ್ಲ. ಮೈಸೂರಿನ ಕಾಲೇಜಿನಿಂದ ನಿವೃತ್ತನಾಗಿ ಅಲ್ಲೇ ಹತ್ತಿರದ ವಿಂಡಮ್ ವೇಲ್‌ ಬಡಾವಣೆಯ ಮಗಳ ಮನೆಯಲ್ಲಿದ್ದ ನನ್ನನ್ನು, ಹೊತ್ತು ಹೋಗದ ಮನುಷ್ಯನೆಂದು ಸರಿಯಾಗಿಯೇ ಅಂದಾಜು ಮಾಡಿ, ಅಂಗಡಿ ಅಲೆಯುವಾಗಲೆಲ್ಲ ಕಾರಿಗೆ ಹತ್ತಿಸಿಕೊಳ್ಳುತ್ತಿದ್ದ. ಪ್ರವಾಹಕ್ಕೆದುರಾಗಿ ದೋಣಿ ಎಳೆಯುವವನಂತೆ ಮುಂದಕ್ಕೆ ಬಾಗಿ ಅವನು ನಡೆದರೆ, ಹಿಂದೆ ನಾನು ಓಡಬೇಕಾಗುತ್ತಿತ್ತು.

ದೋಣಿ ಅವನ ರಕ್ತದಲ್ಲೇ ಇತ್ತು. ತಾಯಿ ಮಲ್ಲವ್ವ ಘಟಪ್ರಭೆಯ ದಂಡೆಯ ಅಂಬಿಗರ ಮನೆಯವಳು. ಬಲೆ ಹೆಣೆದು, ಮೀನು ಮಾರಿ, ಮಗನನ್ನು ಇಂಜಿನಿಯರ್ ಮಾಡಿದವಳು. ಆ ಸಲ ಮೂರು ತಿಂಗಳ ವೀಸಾ ಪಡೆದು ಮಗನಿದ್ದ ಟಾರ್ನೀಟ್ ಬಡಾವಣೆಗೆ ಬಂದಾಕೆ, ಮಗನ ಹೊಸ ಮನೆಯ ಕಿಟಕಿಯಲ್ಲಿ ಬೇಲಿ, ಕಾರು, ಮತ್ತೆ ಬೇಲಿ ನೋಡಿ ನೋಡಿ ಬೇಸತ್ತು, ಒಂದು ದಿನ ಅಂದೇಬಿಟ್ಟಳು: "ಊರ ಅಂದ್ಮ್ಯಾಲ ಕುಂದ್ರಾಕ ಒಂದ ನೀರಿನ ದಂಡಿ ಬ್ಯಾಡೇನೋ?" ಆ ಮಾತು ಮಗನಿಗೆ ಮುಳ್ಳಿನಂತೆ ಚುಚ್ಚಿತು. ತಾಯಿ ಊರಿಗೆ ಮರಳುವ ಮೊದಲು ಬೆಟ್ಟದ ಮೇಲಿನ ಕೆರೆಯೊಂದರ ದಂಡೆಯಲ್ಲಿ ಆಕೆಯ ಕೈಗೆ ಗಾಳ ಕೊಟ್ಟು ಕೂರಿಸಲೇಬೇಕೆಂದು ಹಟ ತೊಟ್ಟ. ಆದರೆ ಆಕೆಗೆ ಉಬ್ಬಸ, ಕೆರೆಯ ಮೇಲೋ ಹಿಮದ ಗಾಳಿ. ಕೆನಡಾದ ಜನ ಮಂಜುಗಡ್ಡೆಗೆ ತೂತು ಕೊರೆದು, ಗುಡಾರದೊಳಗೆ ಬೆಚ್ಚಗೆ ಕೂತು ಮೀನು ಹಿಡಿಯುವುದನ್ನು ಟಿವಿಯಲ್ಲಿ ಕಂಡವನೇ ಅಂಥದೇ ಗುಡಾರ ತರಿಸಿದ.

"ಇಲ್ಲಿ ಆ ಕೆರೆ ಹೆಪ್ಪುಗಟ್ಟೋದೇ ಇಲ್ಲವಲ್ಲಪ್ಪಾ!" ಎಂದೆ.

"ದಂಡಿ ಮ್ಯಾಲ ಹಾಕತೀನಿ. ಥಂಡಿ ಎಲ್ಲಿದ್ರೂ ಥಂಡಿನ, ಖರೇ ಅಲ್ರೀ?"

ಇನ್ನು ಬೇಕಾದದ್ದು ಹೀಟರ್. ಸೀಮೆಎಣ್ಣೆಯದು ನಾತ ಹೊಡೆಯುತ್ತದೆಂದು ಬಿಟ್ಟ. ಕರೆಂಟಿನದಕ್ಕೆ ಕೆರೆಯ ದಂಡೆಯಲ್ಲಿ ಪ್ಲಗ್ ಯಾರು ಇಟ್ಟಿರುತ್ತಾರೆ? ಕಡೆಗೆ, ನೆಲದ ಮೇಲೆ ಕೂತು ಪರೀಕ್ಷಿಸಿದ ಆ ಗ್ಯಾಸ್ ಹೀಟರನ್ನೇ ಮನೆಗೆ ತಂದ. ಗುಡಾರ ಹಿತ್ತಲಲ್ಲಿ ಎದ್ದಿತು. ಅವನ ಸೀಮೆಯಲ್ಲಿ ಬೆಚ್ಚಗಿನ ಜಾಗವೆಂದರೆ ಬಾಣಂತಿ ಕೋಣೆ: ಮಂಚದ ಕೆಳಗೆ ಕೆಂಡದ ಶೆಗಡಿ, ಮುಚ್ಚಿದ ಕಿಟಕಿ, ಬಾಗಿಲ ಸಂದಿಗೆ ತುರುಕಿದ ಅರಿವೆ. ಅದೇ ಶಾಸ್ತ್ರದ ಪ್ರಕಾರ, ಗಾಳಿಯಾಡಲೆಂದು ಗುಡಾರಕ್ಕೆ ಬಿಟ್ಟಿದ್ದ ಕಂಡಿಗಳಿಗೆಲ್ಲ ಹೆಂಡತಿ ನೇತ್ರಾಳ ಹಳೆ ಸೀರೆಗಳನ್ನೂ, ಅವ್ವ ಹೊಲಿದು ತಂದ ಕೌದಿಗಳನ್ನೂ ಗಿಡಿದು, ಮೊದಲು ತಾನು ಒಳಗೆ ಕೂತ. ಸಾಕ್ಷಿಗೆ ನಾನು. ಆಹಾ, ಬೆಚ್ಚಗೇನೋ ಆಯಿತು! ಸ್ವಲ್ಪ ಹೊತ್ತಿಗೆ ಹೀಟರ್ ತನ್ನಷ್ಟಕ್ಕೆ ತಾನೇ ಆರಿಹೋಯಿತು. ಮತ್ತೆ ಹಚ್ಚಿದ, ಮತ್ತೆ ಆರಿತು.

"ಡೂಪ್ಲಿಕೇಟ್ ಮಾಲು!" ಎಂದು ಗುಡುಗಿ ಅಂಗಡಿಗೆ ವಾಪಸ್ ಒಯ್ದ. ಬೇರೆ ಕಂಪನಿಯದು ಬಂತು, ಅದೂ ಆರಿತು. ಇನ್ನೊಂದು ಬಂತು, ಅದಕ್ಕೂ ಅದೇ ಗತಿ. ನನಗೋ ತಲೆ ಸಿಡಿತ. ಅವನ ಮಾತಿನ ಮಳೆಯಿಂದ ಎಂದುಕೊಂಡೆ. "ಇನ್ನೊಮ್ಮೆ ಹೋದ್ರ ಅಂಗಡ್ಯಾವ್ರು ಬಾಗಲಾ ಹಾಕ್ಕೊತಾರ," ಎಂದು ನೇತ್ರಾ ನಕ್ಕಳು.

ಬಾಗಿಲು ಹಾಕಿಕೊಳ್ಳಲಿಲ್ಲ. ಅಂಗಡಿಯ ನರೆಮೀಸೆಯ ಮನುಷ್ಯ, ಎಲ್ಲಿ ಹಚ್ಚುತ್ತೀರಿ ಎಂದು ಕೇಳಿದ. ವಿರುಪಾಕ್ಷ ಸೀರೆ, ಕೌದಿಗಳ ಸಮೇತ ಹೆಮ್ಮೆಯಿಂದ ವರ್ಣಿಸಿದ. ಕೇಳುತ್ತ ಕೇಳುತ್ತ ಆತನ ಮುಖ ಬಿಳುಚಿಕೊಂಡಿತು. ಹೀಟರಿನಲ್ಲಿ ದೋಷವಿಲ್ಲ, ಒಳಗಿನ ಪ್ರಾಣವಾಯು ಕಮ್ಮಿಯಾದರೆ ಆರಿಹೋಗುವಂತೆಯೇ ಅದನ್ನು ಮಾಡಿರುವುದು, ಹಾಗೆ ಆರದೇ ಹೋಗಿದ್ದರೆ ವಾಪಸ್ ಕೊಡಲು ನೀವೇ ಇರುತ್ತಿರಲಿಲ್ಲ ಎಂದ. ಅದನ್ನೂ ನಂಬಿಕೊಂಡು ಕೂರಬೇಡಿ, ಕಂಡಿಗಳನ್ನು ಯಾವಾಗಲೂ ತೆರೆದಿಡಿ ಎಂದು ಎರಡೆರಡು ಸಲ ಹೇಳಿದ.

ಹೊರಗೆ ಬಂದ ವಿರುಪಾಕ್ಷ ಕಾರಿನ ಬಾಗಿಲು ತೆಗೆಯದೆ ನಿಂತ. ಮಂಕಿ ಕ್ಯಾಪ್ ತೆಗೆದ. "ಅವ್ವನ್ನ ಕುಂಡ್ರಸ್ತಿದ್ನಲ್ರೀ ಸರ, ಅದರಾಗ," ಎಂದ. "ಖರೇ ಅಲ್ರೀ" ಬರಲಿಲ್ಲ. ಮೊದಲು ನೀನೇ ಕೂತೆಯಲ್ಲಪ್ಪಾ ಎಂದು ಸಮಾಧಾನ ಹೇಳಹೋದರೆ ಅವನ ಕಣ್ಣು ತುಂಬಿತ್ತು.

ಮನೆಗೆ ಬಂದವನೇ ಗುಡಾರ ಸುತ್ತಿ ಗ್ಯಾರೇಜಿಗೆ ಎಸೆದ. ಕೆರೆಯೂ ಬೇಡ, ಮೀನೂ ಬೇಡ. ಕೌದಿಗಳು ಹಾಸಿಗೆಗೆ ಮರಳಿದ್ದನ್ನು ಕಂಡು ಮಲ್ಲವ್ವ ಕೆದಕಿ ಕೇಳಿದಳು. ಅವನು ತಲೆ ತಗ್ಗಿಸಿ ಎಲ್ಲ ಒಪ್ಪಿಸಿದ. ಆಕೆ ಕೆಮ್ಮು ಬರುವವರೆಗೆ ನಕ್ಕಳು.

"ಹುಚ್ಚಪ್ಯಾಲಿ! ನಾ ಬಿಸಿ ಬೇಕಂತ ಯಾವಾಗ ಕೇಳಿದ್ನೋ? ನೀರ ಬೇಕಂತ ಕೇಳಿದ್ದೆ."

ಮರುವಾರ ಎಲ್ಲರೂ ಹೊರಟೆವು. ಕೆರೆಯ ದಂಡೆಯಲ್ಲಿ ಕಂಡಿಗಳನ್ನೆಲ್ಲ ತೆರೆದ ಗುಡಾರ, ಒಳಗೆ ಹೀಟರ್. ಮಲ್ಲವ್ವ ಮಗನ ಮನಸ್ಸಿಗೆಂದು ತುಸು ಹೊತ್ತು ಅಲ್ಲಿ ಕೂತಳು. ಆಮೇಲೆ ಮಡಚುವ ಕುರ್ಚಿಯನ್ನು ತಾನೇ ಎತ್ತಿಕೊಂಡು ನೀರಿನ ಅಂಚಿಗೆ ನಡೆದು, ತಲೆತುಂಬ ಶಾಲು ಹೊದ್ದು ಗಾಳ ಬಿಟ್ಟಳು. ವಿರುಪಾಕ್ಷ ಹೀಟರ್ ಹೊತ್ತು ಹಿಂದೆಯೇ ಓಡಿದ. ಗಾಳಿಗೆ ಅದು ಆರಿತು, ಹಚ್ಚಿದ, ಆರಿತು. ಕಡೆಗೆ ಅದನ್ನು ಬಿಟ್ಟು, ಕೋಟಿನ ಗುಂಡಿ ಬಿಚ್ಚಿ, ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು, ಗಾಳಿಗೆ ಬೆನ್ನು ಕೊಟ್ಟು ತಾಯಿಗೆ ಗೋಡೆಯಾಗಿ ನಿಂತ. ಹಲ್ಲು ಕಟಕಟ ಎನ್ನುತ್ತಿತ್ತು.

ಮಲ್ಲವ್ವ ತಿರುಗಿ ನೋಡಲಿಲ್ಲ. "ಅಲಗಾಡಬ್ಯಾಡೋ ತಮ್ಮಾ, ನೆಳ್ಳಿಗೆ ಮೀನ ಓಡತಾವ," ಎಂದಳಷ್ಟೆ. ಆಕೆಯ ಮುಖದಲ್ಲಿ ಅಂಥ ನೆಮ್ಮದಿಯನ್ನು ಆ ದೇಶದಲ್ಲಿ ನಾವು ಯಾರೂ ಕಂಡಿರಲಿಲ್ಲ.

ಲೋಕದಲ್ಲಿ ಇಂಥ ಮಕ್ಕಳೂ ಇದ್ದಾರೆ. ತಾಯಿ ಕೇಳಿದ್ದೊಂದನ್ನು ಕೊಡುವ ಮುನ್ನ ಕೇಳದ ಹತ್ತನ್ನು ಹೊತ್ತು ತರುತ್ತಾರೆ, ಅವುಗಳಲ್ಲೊಂದು ಅಪಾಯವೆಂದು ತಿಳಿದರೆ ನಡುಗಿಹೋಗುತ್ತಾರೆ, ಬುದ್ಧಿ ಸೋತಲ್ಲಿ ಮೈಯನ್ನೇ ಅಡ್ಡ ಕೊಡುತ್ತಾರೆ. ಅವರನ್ನು ಕಂಡು ನಗುವುದು ಸುಲಭ, ನಾನೂ ಹೊಟ್ಟೆ ತುಂಬ ನಕ್ಕಿದ್ದೇನೆ. ಅಂಥ ಮಗನಿಲ್ಲದ ತಾಯಿಯ ಎದುರು ಮಾತ್ರ ನಗಲಾರೆ.